ದೊಡ್ಡ ಫೈಲುಗಳ ಅಪ್‌ಲೋಡಿಗೆ ಸರ್ವರ್ ಕುಸಿಯುವುದೇಕೆ, ಸರಿಪಡಿಸುವುದು ಹೇಗೆ

ಮದುವೆ ಆಲ್ಬಂ ಮುದ್ರಿಸುವ ಕಲರ್ ಲ್ಯಾಬ್ ಒಂದರ ಸರ್ವರನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ಊರೂರಿನ ಸ್ಟುಡಿಯೊದವರು ಆಲ್ಬಮ್ಮಿನ ಹಾಳೆಗಳನ್ನು ಡಿಸೈನ್ ಮಾಡಿಸಿ, ಜಿಪ್ ಮಾಡಿ, ರಾತ್ರಿ ಎಂಟರ ಮೇಲೆ ಅಂಗಡಿ ಮುಚ್ಚುವ ಮುನ್ನ ಲ್ಯಾಬಿನ ಜಾಲತಾಣಕ್ಕೆ ಏರಿಸುತ್ತಿದ್ದರು. ಒಂದೊಂದು ಜಿಪ್ ಸುಮಾರು ಒಂದೂವರೆ ಜಿಬಿ ಇರುತ್ತಿತ್ತು. ಲಗ್ನಗಳಿಲ್ಲದ ಆಷಾಢದಲ್ಲಿ ಚಕಾರವೆತ್ತದ ಅದೇ ಸರ್ವರ್, ವೈಶಾಖ ಬಂತೆಂದರೆ ರಾತ್ರಿ ಒಂಬತ್ತಕ್ಕೆ ಮಂಡಿಯೂರುತ್ತಿತ್ತು; ಬರೀ ಲಾಗಿನ್ ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಸಿಪಿಯು ಬಳಕೆ ನೋಡಿದರೆ ಶೇ. 10ನ್ನೂ ದಾಟಿರುತ್ತಿರಲಿಲ್ಲ. ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಹೆಚ್ಚು ಕೋರ್‌ಗಳಿರುವ ಯಂತ್ರಕ್ಕೆ ಹಣ ತೆತ್ತೆವು. ಆಮೇಲೆ ಅದು ಒಂಬತ್ತರ ಬದಲು ಒಂಬತ್ತೂಕಾಲಿಗೆ ಮಂಡಿಯೂರತೊಡಗಿತು.

ಕಾರಣ ಸಿಕ್ಕಿದ್ದು ಎರಡು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು ಕುಳಿತಾಗ. ಸ್ಟುಡಿಯೊದಿಂದ ಹೊರಟ ಫೈಲು ತನ್ನ ಕೊನೆಯ ಫೋಲ್ಡರನ್ನು ಸೇರುವಷ್ಟರಲ್ಲಿ ಅದನ್ನು ಎಷ್ಟು ಸಲ ಡಿಸ್ಕಿಗೆ ಬರೆಯಬೇಕಾಗುತ್ತದೆ? ಆ ಹೊತ್ತಿನಲ್ಲಿ ಯಾವ ಪ್ರೋಸೆಸ್ (ಸರ್ವರಿನಲ್ಲಿ ಓಡುತ್ತಿರುವ ಪ್ರೋಗ್ರಾಮು) ಬೇರೆಲ್ಲ ಕೆಲಸ ಬಿಟ್ಟು ಅದಕ್ಕಾಗಿ ಕಾದು ಕುಳಿತಿರುತ್ತದೆ? ದೊಡ್ಡ ಅಪ್‌ಲೋಡುಗಳಿಂದ ನರಳುವ ಬಹುಪಾಲು ಸರ್ವರುಗಳ ರೋಗ ಈ ಎರಡರಲ್ಲೊಂದು ಪ್ರಶ್ನೆಯ ಉತ್ತರದಲ್ಲಿ ಇರುತ್ತದೆ. ಇಲ್ಲಿ ಉದಾಹರಣೆಗೆ ಲಿನಕ್ಸ್ ಮೇಲಿನ ಎಂಜಿನ್‌ಎಕ್ಸ್ ಮತ್ತು ಅದರ ಹಿಂದಿನ ಪಿಎಚ್‌ಪಿ-ಎಫ್‌ಪಿಎಂ ಜೋಡಿಯನ್ನು ಇಟ್ಟುಕೊಂಡಿದ್ದೇನೆ. ಎಂಜಿನ್‌ಎಕ್ಸ್ ಎಂದರೆ ಬ್ರೌಸರಿನ ಕೋರಿಕೆ (ರಿಕ್ವೆಸ್ಟ್) ಮೊದಲು ಬಂದು ತಲುಪುವ ವೆಬ್ ಸರ್ವರ್; ಎಫ್‌ಪಿಎಂ ಎಂದರೆ ಪಿಎಚ್‌ಪಿ ಭಾಷೆಯ ನಿಮ್ಮ ಕೋಡನ್ನು ವರ್ಕರ್ ಎಂಬ ಕೆಲವು ಪ್ರೋಸೆಸ್‌ಗಳಲ್ಲಿ ಓಡಿಸುವ ಪ್ರೋಗ್ರಾಮು. ಬೇರೆ ಜೋಡಿ ಬಳಸುವವರಿಗೆ ಸೆಟ್ಟಿಂಗುಗಳ ಹೆಸರು ಬದಲಾಗುತ್ತದೆಯೇ ಹೊರತು ಹುಡುಕುವ ಕ್ರಮ ಬದಲಾಗುವುದಿಲ್ಲ.

ಮೊದಲು ಲೆಕ್ಕ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮುನ್ನ ನಿಮ್ಮ ಅಂಕಿಗಳನ್ನು ಹಾಕಿ ಲೆಕ್ಕ ಮಾಡಿ. ಒಂದೂವರೆ ಜಿಬಿ ಎಂದರೆ 1500 ಎಂಬಿ, ಅಂದರೆ 12,000 ಮೆಗಾಬಿಟ್. ಸ್ಟುಡಿಯೊದವರ ಲೈನಿನಲ್ಲಿ ಏರಿಸುವ ವೇಗ 20 ಎಂಬಿಪಿಎಸ್ ಇದ್ದರೆ ಒಂದು ಆಲ್ಬಮ್ಮಿಗೆ 600 ಸೆಕೆಂಡು, ಅಂದರೆ ಹತ್ತು ನಿಮಿಷ ಬೇಕು. ಒಂದೇ ಹೊತ್ತಿಗೆ ನಲವತ್ತು ಮಂದಿ ಏರಿಸಿದರೆ ಸರ್ವರಿಗೆ ಬಂದು ಬೀಳುವುದು 800 ಎಂಬಿಪಿಎಸ್, ಸೆಕೆಂಡಿಗೆ 100 ಎಂಬಿ. ಒಂದು ಗಿಗಾಬಿಟ್‌ನ ನೆಟ್‌ವರ್ಕ್ ಕಾರ್ಡ್ ಇದನ್ನು ತಾಳಿಕೊಳ್ಳುತ್ತದೆ. ಆದರೆ ಬಂದ ಪ್ರತಿ ಬೈಟನ್ನೂ ಮೂರು ಸಲ ಬರೆಯುವ ವ್ಯವಸ್ಥೆ ನಿಮ್ಮದಾಗಿದ್ದರೆ ಡಿಸ್ಕಿನ ಮೇಲೆ ಬೀಳುವ ಹೊರೆ ಸೆಕೆಂಡಿಗೆ 300 ಎಂಬಿ. ಅಮೆಜಾನ್ ಕ್ಲೌಡಿನ ಜಿಪಿ3 ಎಂಬ ಸಾಮಾನ್ಯ ಡಿಸ್ಕಿಗೆ ಹೆಚ್ಚುವರಿ ಹಣ ಕೊಡದಿದ್ದರೆ ಸಿಗುವುದು ಸೆಕೆಂಡಿಗೆ 125 ಎಂಬಿ ಮಾತ್ರ. ಸಿಪಿಯು ತೆಪ್ಪಗಿದ್ದು ಸರ್ವರ್ ಮಾತ್ರ ಮಲಗಿದ್ದೇಕೆ ಎಂಬುದಕ್ಕೆ ಇಲ್ಲೇ ಅರ್ಧ ಉತ್ತರ ಸಿಕ್ಕಿತು.

ಹಳೆಯ ಜಿಪಿ2 ಡಿಸ್ಕುಗಳಲ್ಲಿ ಇನ್ನೊಂದು ಮೋಸವಿದೆ. ಅವುಗಳಿಗೆ ಪ್ರತಿ ಜಿಬಿಗೆ 3ರಂತೆ, ಕನಿಷ್ಠ 100 ಐಒಪಿಎಸ್ (ಸೆಕೆಂಡಿಗೆ ಇಷ್ಟು ಓದು-ಬರಹ) ಹಕ್ಕಾಗಿ ಸಿಗುತ್ತದೆ. ಅದರ ಮೇಲಿನದು ಉಳಿತಾಯದ ಕ್ರೆಡಿಟ್ಟಿನಿಂದ ಬರುವ ತಾತ್ಕಾಲಿಕ ಜೋರು. ಸಂಜೆಯ ಮೊದಲರ್ಧ ಗಂಟೆ ಸರ್ವರ್ ಚುರುಕಾಗಿದ್ದು ಆಮೇಲೆ ಇದ್ದಕ್ಕಿದ್ದಂತೆ ತೆವಳತೊಡಗಿದರೆ ಕೋಡಿನಲ್ಲಿ ತಪ್ಪು ಹುಡುಕುವ ಮೊದಲು ಆ ಕ್ರೆಡಿಟ್ ಮುಗಿದಿದೆಯೇ ಎಂದು ನೋಡಿ.

ಫೈಲು ನಡೆದು ಬರುವ ದಾರಿ

ಬ್ರೌಸರಿನಿಂದ ಫಾರ್ಮ್ ಮೂಲಕ ಫೈಲು ಕಳುಹಿಸುವ ಪದ್ಧತಿಯನ್ನು ಆರ್‌ಎಫ್‌ಸಿ 1867 ಎಂಬ ದಾಖಲೆ ವಿವರಿಸಿದ್ದು 1995ರಲ್ಲಿ. ಇಡೀ ಫೈಲನ್ನು ಒಂದೇ ರಿಕ್ವೆಸ್ಟಿನೊಳಗೆ ತುರುಕುವ ಆ ಕ್ರಮವೇ ಇಂದಿಗೂ ಬಹಳಷ್ಟು ಜಾಲತಾಣಗಳಲ್ಲಿ ನಡೆಯುತ್ತಿದೆ. ಡಯಲ್-ಅಪ್ ಕಾಲದ ಸಣ್ಣ ಫೈಲುಗಳಿಗೆ ಅದು ಸಾಕಾಗಿತ್ತು. ಒಂದೂವರೆ ಜಿಬಿಯ ಜಿಪ್ಪಿಗೆ ಅದು ಹೊಂದುವ ಅಂಗಿಯಲ್ಲ.

ಎಂಜಿನ್‌ಎಕ್ಸ್‌ಗೆ ರಿಕ್ವೆಸ್ಟ್ ಬಂದಾಗ ಅದರ ಒಡಲನ್ನು, ಅಂದರೆ ಫೈಲನ್ನು ಹೊತ್ತ ಭಾಗವನ್ನು, ಮೊದಲು ಒಂದು ಸಣ್ಣ ಮೆಮೊರಿ ಬಫರಿನಲ್ಲಿ ಹಿಡಿಯುತ್ತದೆ. 64 ಬಿಟ್ ಯಂತ್ರಗಳಲ್ಲಿ ಇದರ ಅಳತೆ 16 ಕೆಬಿ. ಅದಕ್ಕಿಂತ ದೊಡ್ಡದನ್ನೆಲ್ಲ ತಾತ್ಕಾಲಿಕ ಫೈಲಿಗೆ ಬರೆಯುತ್ತದೆ. ಎರರ್ ಲಾಗಿನಲ್ಲಿ ರಿಕ್ವೆಸ್ಟಿನ ಒಡಲನ್ನು ತಾತ್ಕಾಲಿಕ ಫೈಲಿಗೆ ಬರೆದೆ ಎಂಬ ಎಚ್ಚರಿಕೆಯ ಸಾಲುಗಳು ರಾಶಿ ಬಿದ್ದಿದ್ದರೆ ಅವು ಇದನ್ನೇ ಹೇಳುತ್ತಿರುತ್ತವೆ. ಇದು ಮೊದಲನೆಯ ಬರಹ. ಇಡೀ ಫೈಲು ಬಂದು ಮುಗಿದ ಮೇಲೆ ಎಂಜಿನ್‌ಎಕ್ಸ್ ಅದನ್ನು ಓದಿ ಪಿಎಚ್‌ಪಿಗೆ ದಾಟಿಸುತ್ತದೆ. ಪಿಎಚ್‌ಪಿ ಫಾರ್ಮನ್ನು ಬಿಡಿಸಿ, ಒಳಗಿನ ಫೈಲನ್ನು ತನ್ನದೇ ತಾತ್ಕಾಲಿಕ ಫೋಲ್ಡರಿಗೆ, ಸಾಮಾನ್ಯವಾಗಿ ಟಿಎಂಪಿ ಫೋಲ್ಡರಿಗೆ, ಬರೆಯುತ್ತದೆ. ಇದು ಎರಡನೆಯದು. ಕೊನೆಗೆ ನಿಮ್ಮ ಕೋಡು ಮೂವ್_ಅಪ್‌ಲೋಡೆಡ್_ಫೈಲ್ ಎಂಬ ಫಂಕ್ಷನ್ ಕರೆದು ಫೈಲನ್ನು ಆಲ್ಬಂ ಫೋಲ್ಡರಿಗೆ ಸಾಗಿಸುತ್ತದೆ. ಎರಡೂ ಫೋಲ್ಡರುಗಳು ಒಂದೇ ಫೈಲ್‌ಸಿಸ್ಟಮ್ಮಿನಲ್ಲಿದ್ದರೆ ಇದು ಬರೀ ಹೆಸರು ಬದಲಾವಣೆ, ಕ್ಷಣದ ಕೆಲಸ. ಬೇರೆ ಬೇರೆ ಡಿಸ್ಕುಗಳಲ್ಲಿದ್ದರೆ ಫೈಲು ಅಕ್ಷರಶಃ ನಕಲಾಗುತ್ತದೆ, ಅದು ಮೂರನೆಯ ಬರಹ. ನಮ್ಮ ಲ್ಯಾಬಿನಲ್ಲಿ ಆಲ್ಬಂ ಫೋಲ್ಡರ್ ದೊಡ್ಡದೊಂದು ಪ್ರತ್ಯೇಕ ಡಿಸ್ಕಿನಲ್ಲಿತ್ತು. ಜಾಗಕ್ಕಾಗಿ ಮಾಡಿದ್ದ ಆ ಏರ್ಪಾಡೇ ವೇಗವನ್ನು ತಿನ್ನುತ್ತಿತ್ತು.

ಸ್ಟುಡಿಯೊದವರಿಗೆ ಇದು ಕಾಣುತ್ತಿದ್ದ ಬಗೆಯೇ ಬೇರೆ. ಪರದೆಯ ಮೇಲಿನ ಪಟ್ಟಿ ಹತ್ತು ನಿಮಿಷದಲ್ಲಿ ಶೇ. 100 ತಲುಪುತ್ತಿತ್ತು, ಆಮೇಲೆ ಏನೂ ಆಗುತ್ತಿರಲಿಲ್ಲ. ಹಿಂದೆ ಎರಡನೆಯ ಮತ್ತು ಮೂರನೆಯ ಬರಹ ನಡೆಯುತ್ತಿದ್ದ ಹೊತ್ತದು. ಅದು ಅರವತ್ತು ಸೆಕೆಂಡು ದಾಟಿದೊಡನೆ ಎಂಜಿನ್‌ಎಕ್ಸ್ ಪಿಎಚ್‌ಪಿಯಿಂದ ಉತ್ತರ ಬರಲಿಲ್ಲವೆಂದು 504 ಎಂಬ ದೋಷಸಂಖ್ಯೆ ತೋರಿಸುತ್ತಿತ್ತು. ‘ಸಾರ್, ನೂರು ಪರ್ಸೆಂಟ್ ಆಗಿ ಹೋಯ್ತು’ ಎಂದು ಫೋನಿನಲ್ಲಿ ಗೋಳಾಡುತ್ತಲೇ ಅವರು ಮತ್ತೆ ಮೊದಲಿನಿಂದ ಏರಿಸುತ್ತಿದ್ದರು. ಹೀಗೆ ಒಂದು ಆಲ್ಬಂ ಎರಡಾಗಿ, ಎರಡು ಮೂರಾಗಿ, ನಲವತ್ತು ಸ್ಟುಡಿಯೊಗಳ ಹೊರೆ ನೂರರದಾಗುತ್ತಿತ್ತು.

ರೋಗವನ್ನು ಹಿಡಿಯುವುದು

ಎಂಜಿನ್‌ಎಕ್ಸ್‌ನ ಆಕ್ಸೆಸ್ ಲಾಗಿನ ಮಾದರಿಗೆ ಮೂರು ಅಂಶಗಳನ್ನು ಸೇರಿಸಿ: ರಿಕ್ವೆಸ್ಟ್_ಟೈಮ್, ಅಪ್‌ಸ್ಟ್ರೀಮ್_ರೆಸ್ಪಾನ್ಸ್_ಟೈಮ್ ಮತ್ತು ರಿಕ್ವೆಸ್ಟ್_ಲೆಂತ್. ಮೊದಲನೆಯದು ಗ್ರಾಹಕರಿಂದ ಮೊದಲ ಬೈಟು ಬಂದಾಗಿನಿಂದ ಕೊನೆಯವರೆಗಿನ ಒಟ್ಟು ಹೊತ್ತು. ಎರಡನೆಯದು ಹಿಂದಿನ ಪಿಎಚ್‌ಪಿ ತೆಗೆದುಕೊಂಡ ಹೊತ್ತು. ಮೂರನೆಯದು ಬಂದ ಗಾತ್ರ. ಒಟ್ಟು 640 ಸೆಕೆಂಡಾಗಿದ್ದು ಅದರಲ್ಲಿ ಪಿಎಚ್‌ಪಿಯ ಪಾಲು 5 ಇದ್ದರೆ ನಿಧಾನವಿರುವುದು ಗ್ರಾಹಕರ ಲೈನಿನಲ್ಲಿ, ನೀವು ಸರ್ವರಿನಲ್ಲಿ ಏನು ತಿದ್ದಿದರೂ ಅದು ಕರಗದು. ಪಿಎಚ್‌ಪಿಯ ಪಾಲೇ 90 ಸೆಕೆಂಡಿದ್ದರೆ ತಪ್ಪು ನಿಮ್ಮ ಮನೆಯೊಳಗಿದೆ. ಈ ಒಂದು ಸಾಲು ಸೇರಿಸದೆ ಯಾರೂ ಯಂತ್ರ ದೊಡ್ಡದು ಮಾಡಲು ಹಣ ಖರ್ಚು ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಹೊತ್ತಿನಲ್ಲಿ ಇನ್ನೊಂದು ಟರ್ಮಿನಲ್ಲಿನಲ್ಲಿ ಡಿಸ್ಕಿನ ಓದು-ಬರಹ ಅಳೆಯುವ ಐಒಸ್ಟ್ಯಾಟ್ ಆಜ್ಞೆಯನ್ನು ಎಕ್ಸ್ ಆಯ್ಕೆಯೊಂದಿಗೆ ಓಡಿಸಿ, ಬರೆಯಲು ಕಾಯುವ ಸರಾಸರಿ ಹೊತ್ತನ್ನು ನೋಡಿ. ಎಸ್‌ಎಸ್‌ಡಿಯಲ್ಲಿ ಕೆಲವೇ ಮಿಲಿಸೆಕೆಂಡು ಇರಬೇಕಾದದ್ದು ನೂರಾರಕ್ಕೆ ಏರಿದ್ದರೆ ಡಿಸ್ಕಿನ ಬಾಗಿಲಲ್ಲಿ ಸರತಿ ನಿಂತಿದೆಯೆಂದು ಅರ್ಥ. ವಿಎಂಸ್ಟ್ಯಾಟ್‌ನ ಬಿ ಎಂಬ ಕಾಲಮ್ಮಿನಲ್ಲಿ ಅಂಕಿ ಏರುತ್ತಿದ್ದರೆ ಅಷ್ಟು ಪ್ರೋಸೆಸ್‌ಗಳು ಡಿಸ್ಕಿಗಾಗಿ ಕೈಕಟ್ಟಿ ನಿಂತಿವೆ.

ಜಾಗದ ವಿಷಯದಲ್ಲಿ ಮೋಸ ಹೋಗುವುದು ಬಲು ಸುಲಭ. ಒಂದು ರಾತ್ರಿ ಎರಡು ಸ್ಟುಡಿಯೊಗಳ ಫೈಲು ಸರಾಗವಾಗಿ ಸೇರಿ ಮೂರನೆಯದು ‘ಅಪ್‌ಲೋಡ್ ವಿಫಲ’ ಎಂದಿತು. ಖಾಲಿ ಜಾಗ ತೋರಿಸುವ ಡಿಎಫ್ ಆಜ್ಞೆ ಕೊಟ್ಟು ನೋಡಿದರೆ ಮುಖ್ಯ ಡಿಸ್ಕು ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಅದೇ ಪಟ್ಟಿಯ ಕೆಳಗಿನ ಸಾಲಿಗೆ ನಮ್ಮ ಕಣ್ಣು ಹೋಗಲು ಮುಕ್ಕಾಲು ಗಂಟೆ ಹಿಡಿಯಿತು: ಟಿಎಂಪಿ ಫೋಲ್ಡರ್ ಡಿಸ್ಕಿನಲ್ಲಿರಲೇ ಇಲ್ಲ, ಟಿಎಂಪಿ-ಎಫ್‌ಎಸ್ ರೂಪದಲ್ಲಿ ಮೆಮೊರಿಯಲ್ಲಿತ್ತು. ಎಂಟು ಜಿಬಿ ಮೆಮೊರಿಯ ಯಂತ್ರದಲ್ಲಿ ಅದರ ಮಿತಿ ಅರ್ಧ, ಅಂದರೆ ನಾಲ್ಕು ಜಿಬಿ. ಒಂದೂವರೆ ಜಿಬಿಯ ಎರಡು ಫೈಲು ಅದರಲ್ಲಿ ಹಿಡಿಸುತ್ತವೆ, ಮೂರು ಒಟ್ಟಿಗೆ ಬಂದರೆ ಹಿಡಿಸುವುದಿಲ್ಲ. ಫೆಡೋರಾದಲ್ಲಿ ಈ ಏರ್ಪಾಡು ಬಹಳ ಕಾಲದಿಂದ ಇದೆ. ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಿಂದ ಇದನ್ನೇ ವಾಡಿಕೆ ಮಾಡಿಕೊಂಡಿದೆ. ಹಳೆಯ ಡೆಬಿಯನ್‌ನಿಂದ ಹೊಸದಕ್ಕೆ ಏರಿದ ವಾರದಲ್ಲೇ ಅಪ್‌ಲೋಡುಗಳು ಮುಗ್ಗರಿಸತೊಡಗಿದರೆ ಮೊದಲ ಅನುಮಾನ ಇದರ ಮೇಲಿರಲಿ. ಫೈಲನ್ನು ಡಿಸ್ಕಿಗೆ ಬರೆಯುತ್ತಿದ್ದೇವೆಂದು ನಂಬಿಕೊಂಡು ಮೆಮೊರಿಗೆ ತುಂಬುತ್ತಿದ್ದರೆ ಜಾಗವೂ ಸಾಲದು, ಉಳಿದ ಪ್ರೋಸೆಸ್‌ಗಳಿಗೆ ಮೆಮೊರಿಯೂ ಉಳಿಯದು. ಕರ್ನಲ್ ಲಾಗಿನಲ್ಲಿ ಮೆಮೊರಿ ಸಾಲದೆ ಪ್ರೋಸೆಸ್ ಕೊಂದ ಸಾಲು ಕಂಡರೆ ಇದನ್ನೂ ಪರೀಕ್ಷಿಸಿ.

ಗಾತ್ರದ ಮಿತಿಗಳು

ಇದು ಸುಲಭದ ಭಾಗ. ದಾರಿಯುದ್ದಕ್ಕೂ ಇರುವ ಎಲ್ಲ ಬಾಗಿಲುಗಳೂ ಫೈಲಿನಷ್ಟು ಅಗಲ ಇರಬೇಕು. ಎಂಜಿನ್‌ಎಕ್ಸ್‌ನ ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ವಾಡಿಕೆಯಲ್ಲಿ ಬರೀ 1 ಎಂಬಿ, ದಾಟಿದರೆ 413 (ಒಡಲು ತೀರಾ ದೊಡ್ಡದೆಂಬ ದೋಷ). ಪಿಎಚ್‌ಪಿಯ ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ 2 ಎಂಬಿ, ಪೋಸ್ಟ್_ಮ್ಯಾಕ್ಸ್_ಸೈಜ್ 8 ಎಂಬಿ. ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ತುಸು ದೊಡ್ಡದಿರಲಿ. ಅದನ್ನು ಮೀರಿದಾಗ ಪಿಎಚ್‌ಪಿ ಗಲಾಟೆ ಮಾಡುವುದಿಲ್ಲ, ಫಾರ್ಮನ್ನೇ ಖಾಲಿಯಾಗಿ ಕೊಡುತ್ತದೆ. ‘ಹೆಸರು ತುಂಬಿಲ್ಲ’ ಎಂಬ ಅಸಂಬದ್ಧ ಸಂದೇಶ ಬಳಕೆದಾರರಿಗೆ ಬರುವುದು ಇದರಿಂದಲೇ. ಅಪಾಚೆ ವೆಬ್ ಸರ್ವರಿನಲ್ಲಿ 2.4.54ನೇ ಆವೃತ್ತಿಯ ಮುನ್ನ ಮಿತಿಯೇ ಇರಲಿಲ್ಲ, ಈಗ 1 ಜಿಬಿ ಇದೆ. ಮೈಕ್ರೋಸಾಫ್ಟ್‌ನ ಐಐಎಸ್ ಎಂಬ ವೆಬ್ ಸರ್ವರ್ 3,00,00,000 ಬೈಟುಗಳನ್ನು ದಾಟಿದರೆ 413ರ ಬದಲು 404.13 ಎನ್ನುತ್ತದೆ, ಅದನ್ನು ನೋಡಿ ಪುಟವೇ ಕಾಣೆಯಾಗಿದೆಯೆಂದು ತಿಳಿದವರು ಕಡಿಮೆಯೇನಿಲ್ಲ. ನಿಮ್ಮ ಸರ್ವರಿನ ಮುಂದೆ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆ ಇದ್ದರೆ ಅದರ ಉಚಿತ ಮತ್ತು ಪ್ರೊ ಯೋಜನೆಗಳಲ್ಲಿ ಒಂದು ರಿಕ್ವೆಸ್ಟಿಗೆ 100 ಎಂಬಿ ಮಿತಿ.

ಮಿತಿಯನ್ನು ಇಡೀ ಜಾಲತಾಣಕ್ಕೆ ಏರಿಸಬೇಡಿ, ಅಪ್‌ಲೋಡ್ ನಡೆಯುವ ವಿಳಾಸಕ್ಕಷ್ಟೇ ಏರಿಸಿ. ಹಾಗೆಯೇ ಪಿಎಚ್‌ಪಿಯ ಮೆಮೊರಿ_ಲಿಮಿಟ್ ಅನ್ನು 2 ಜಿಬಿಗೆ ಏರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದರ ಅಗತ್ಯವಿಲ್ಲ. ಪಿಎಚ್‌ಪಿ ಬಂದ ಫೈಲನ್ನು ತುಣುಕು ತುಣುಕಾಗಿ ಡಿಸ್ಕಿಗೆ ಬರೆಯುತ್ತದೆ, ಮೆಮೊರಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮೆಮೊರಿ ಉಬ್ಬುತ್ತಿದ್ದರೆ ನಿಮ್ಮ ಕೋಡೆಲ್ಲೋ ಫೈಲ್_ಗೆಟ್_ಕಂಟೆಂಟ್ಸ್ ಕರೆದು ಇಡೀ ಜಿಪ್ಪನ್ನು ಒಂದೇ ಗುಟುಕಿಗೆ ನುಂಗುತ್ತಿದೆ. ಬೇಲಿ ಕೀಳುವುದಕ್ಕಿಂತ ಆ ಸಾಲನ್ನು ತಿದ್ದುವುದು ಲೇಸು. ನೋಡ್‌ನಲ್ಲಿ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಅಪ್‌ಲೋಡಿಗೆಂದು ಮಲ್ಟರ್ ಬಳಸುವವರು ಮೆಮೊರಿ ಸ್ಟೋರೇಜ್ ಆಯ್ದುಕೊಂಡಿದ್ದರೆ ಅವರಿಗೂ ಇದೇ ಮಾತು. ಪೈಥಾನಿನ ಜಾಂಗೊ ಈ ವಿಷಯದಲ್ಲಿ ಜಾಣ: 2.5 ಎಂಬಿ ದಾಟಿದ್ದನ್ನು ತಾನೇ ತಾತ್ಕಾಲಿಕ ಫೈಲಿಗೆ ಇಳಿಸುತ್ತದೆ.

ಕಾಲಮಿತಿ ಕೊಡುವ ಸುಳಿವು

ಅಪ್‌ಲೋಡ್ ಯಾವ ಸೆಕೆಂಡಿನಲ್ಲಿ ಕಡಿದುಹೋಗುತ್ತದೆ ಎಂಬುದನ್ನು ಗಮನಿಸಿದರೆ ಯಾರು ಕಡಿದರೆಂದು ಬಹುಮಟ್ಟಿಗೆ ಹೇಳಬಹುದು. ಮೂವತ್ತು ಸೆಕೆಂಡಿಗೆ ಕಡಿದರೆ ಪೈಥಾನ್ ಕೋಡನ್ನು ಓಡಿಸುವ ಗುನಿಕಾರ್ನ್‌ನತ್ತ ನೋಡಿ. ಅದರ ಸಾಮಾನ್ಯ ವರ್ಕರ್ ಅಷ್ಟು ಹೊತ್ತು ಸದ್ದಿಲ್ಲದೆ ಕುಳಿತರೆ ಮೇಲಿನವನು ಅದನ್ನು ಕೊಂದು ಹೊಸದನ್ನು ಹುಟ್ಟಿಸುತ್ತಾನೆ. ಅರವತ್ತಕ್ಕೆ ಕಡಿದರೆ ಎಂಜಿನ್‌ಎಕ್ಸ್ ಅಥವಾ ಅಮೆಜಾನ್ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟುಗಳನ್ನು ಹಲವು ಸರ್ವರುಗಳಿಗೆ ಹಂಚುವ ಸೇವೆ). ಎರಡರ ವಾಡಿಕೆಯೂ 60. ಸುಮಾರು ಐದು ನಿಮಿಷಕ್ಕೆ 408 ಎಂಬ ಕಾಲ ಮೀರಿದ ದೋಷ ಬಂದರೆ ನೋಡ್ ಇರಬಹುದು, ಏಕೆಂದರೆ ಅದರ 18ನೇ ಆವೃತ್ತಿಯಿಂದ ಇಡೀ ರಿಕ್ವೆಸ್ಟ್ 300 ಸೆಕೆಂಡಿನೊಳಗೆ ಬಂದು ಸೇರಬೇಕೆಂಬ ನಿಯಮವಿದೆ. ನಮ್ಮ ಹತ್ತು ನಿಮಿಷದ ಆಲ್ಬಂ ನೇರವಾಗಿ ನೋಡ್‌ಗೆ ಹೋಗಿದ್ದರೆ ಪ್ರತಿ ಸಲವೂ ಅರ್ಧ ದಾರಿಯಲ್ಲೇ ಸಾಯುತ್ತಿತ್ತು.

ಎಂಜಿನ್‌ಎಕ್ಸ್‌ನ ಕ್ಲೈಂಟ್_ಬಾಡಿ_ಟೈಮ್‌ಔಟ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದರ 60 ಸೆಕೆಂಡು ಇಡೀ ಅಪ್‌ಲೋಡಿಗೆ ಸಂಬಂಧಿಸಿದ್ದಲ್ಲ, ಒಂದು ತುಣುಕು ಬಂದ ಮೇಲೆ ಮುಂದಿನದು ಬರುವವರೆಗಿನ ಅಂತರಕ್ಕೆ ಸಂಬಂಧಿಸಿದ್ದು. ಅದನ್ನು ಒಂದು ಗಂಟೆಗೆ ಏರಿಸಿದರೆ ಪ್ರಾಮಾಣಿಕ ಗ್ರಾಹಕರಿಗೆ ಯಾವ ಉಪಕಾರವೂ ಆಗದು. ಕರೆಂಟು ಹೋಗಿ ಸತ್ತುಹೋದ ಸಂಪರ್ಕಗಳನ್ನು ಒಂದು ಗಂಟೆ ಸಾಕಿದಂತಾಗುತ್ತದೆ, ಅಷ್ಟೇ.

ಬಫರಿಂಗ್ ಆಫ್ ಮಾಡಬೇಕೆ, ಬೇಡವೆ

ಎಂಜಿನ್‌ಎಕ್ಸ್ ಇಡೀ ಒಡಲನ್ನು ತಾನೇ ಹಿಡಿದಿಟ್ಟುಕೊಂಡು ಆಮೇಲೆ ಹಿಂದಕ್ಕೆ ದಾಟಿಸುವುದೇ ಬಫರಿಂಗ್. ಫೈಲು ಎರಡು ಸಲ ಬರೆಯುವುದನ್ನು ತಪ್ಪಿಸಲು ಪ್ರಾಕ್ಸಿ_ರಿಕ್ವೆಸ್ಟ್_ಬಫರಿಂಗ್, ಅಥವಾ ಪಿಎಚ್‌ಪಿಗಾದರೆ ಫಾಸ್ಟ್‌ಸಿಜಿಐ_ರಿಕ್ವೆಸ್ಟ್_ಬಫರಿಂಗ್, ಆಫ್ ಮಾಡಿ ಎಂಬುದು ಅತಿ ಜನಪ್ರಿಯ ಸಲಹೆ. ಕಣ್ಣುಮುಚ್ಚಿ ಅದನ್ನು ಪಾಲಿಸಿ ನಾವು ಕೈ ಸುಟ್ಟುಕೊಂಡೆವು.

ಬಫರಿಂಗ್ ಇದ್ದಾಗ ಹತ್ತು ನಿಮಿಷದ ನಿಧಾನವನ್ನು ಹೊರುವುದು ಎಂಜಿನ್‌ಎಕ್ಸ್. ಅದರ ಒಂದು ವರ್ಕರ್ ನೂರಾರು ಸಂಪರ್ಕಗಳನ್ನು ಏಕಕಾಲಕ್ಕೆ ನಿಭಾಯಿಸಬಲ್ಲದು, ಆದ್ದರಿಂದ ಕಾಯುವುದು ಅದಕ್ಕೆ ಭಾರವಲ್ಲ. ಪಿಎಚ್‌ಪಿಯ ವರ್ಕರ್ ಹಾಗಲ್ಲ. ಒಂದು ಹೊತ್ತಿಗೆ ಒಂದೇ ರಿಕ್ವೆಸ್ಟ್. ಎಫ್‌ಪಿಎಂನ ಪೂರ್ವನಿಯೋಜಿತ ಸಂರಚನೆಯಲ್ಲಿ ಅಂಥ ಗರಿಷ್ಠ ಐದು ವರ್ಕರುಗಳು ಇರುತ್ತವೆ. ಬಫರಿಂಗ್ ಆಫ್ ಮಾಡಿದಿರೆಂದರೆ ಸ್ಟುಡಿಯೊದಿಂದ ಹನಿಹನಿಯಾಗಿ ಬರುವ ಬೈಟುಗಳಿಗಾಗಿ ಪಿಎಚ್‌ಪಿ ವರ್ಕರ್ ಹತ್ತು ನಿಮಿಷ ಪೂರ್ತಿ ಕಾದು ಕೂರಬೇಕು. ಐದು ಮಂದಿ ಅಪ್‌ಲೋಡ್ ಆರಂಭಿಸಿದೊಡನೆ ಆರನೆಯವರಿಗೆ ಲಾಗಿನ್ ಪುಟವೂ ಸಿಗುವುದಿಲ್ಲ. ಡಿಸ್ಕಿನ ಹೊರೆ ತುಸು ಇಳಿಯಿತು, ಆದರೆ ಜಾಲತಾಣವೇ ನಿಂತುಹೋಯಿತು. ಗುನಿಕಾರ್ನ್‌ನ ದಾಖಲೆಗಳು ನಿಧಾನದ ಗ್ರಾಹಕರನ್ನು ತಡೆದುಕೊಳ್ಳಲು ಮುಂದೆ ಬಫರ್ ಮಾಡುವ ಪ್ರಾಕ್ಸಿ (ಎಂಜಿನ್‌ಎಕ್ಸ್‌ನಂಥ ಮಧ್ಯವರ್ತಿ) ಇರಲೇಬೇಕೆಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಆದ್ದರಿಂದ ನಿಯಮವನ್ನು ಹೀಗಿಟ್ಟುಕೊಳ್ಳಬಹುದು. ಹಿಂದಿರುವುದು ನೋಡ್, ಗೋ ಮುಂತಾದ, ಕಾಯುವುದರಲ್ಲಿ ಖರ್ಚಿಲ್ಲದ ವ್ಯವಸ್ಥೆಯಾಗಿದ್ದು, ಬಂದ ತುಣುಕನ್ನು ಬಂದ ಹಾಗೆಯೇ ಕೊನೆಯ ಜಾಗಕ್ಕೆ ಬರೆಯುವಂತಿದ್ದರೆ ಬಫರಿಂಗ್ ಆಫ್ ಮಾಡಿ. ಪಿಎಚ್‌ಪಿ, ಗುನಿಕಾರ್ನ್‌ನ ಸಾಮಾನ್ಯ ವರ್ಕರುಗಳಂಥ ಒಬ್ಬರಿಗೆ ಒಂದೇ ಕೆಲಸದ ವ್ಯವಸ್ಥೆಯಾಗಿದ್ದರೆ ಹಾಗೆಯೇ ಬಿಡಿ, ನಕಲುಗಳನ್ನು ಬೇರೆ ಕಡೆ ಕಡಿಮೆ ಮಾಡಿ. ಬಫರಿಂಗ್ ಆಫ್ ಮಾಡಿದಾಗ ಒಡಲು ಹೊರಡಲು ಶುರುವಾದ ಮೇಲೆ ಎಂಜಿನ್‌ಎಕ್ಸ್ ಆ ರಿಕ್ವೆಸ್ಟನ್ನು ಇನ್ನೊಂದು ಸರ್ವರಿಗೆ ತಿರುಗಿಸಲಾರದು ಎಂಬುದೂ ನೆನಪಿರಲಿ.

ಬಫರಿಂಗ್ ಇದ್ದಾಗಿನ ಒಂದು ದೋಷಕ್ಕೆ ಮಾತ್ರ ಮದ್ದು ಬೇಕು. ಲಾಗಿನ್ ಪರೀಕ್ಷೆ ಪಿಎಚ್‌ಪಿಯಲ್ಲಿ ನಡೆಯುವುದಾದರೆ, ಅಪರಿಚಿತರು ಕಳಿಸಿದ ಒಂದೂವರೆ ಜಿಬಿಯನ್ನೂ ಪೂರ್ತಿ ಬರೆದುಕೊಂಡ ಮೇಲಷ್ಟೇ ‘ನೀವು ಯಾರು’ ಎಂದು ಕೇಳಿದಂತಾಗುತ್ತದೆ. ಎಂಜಿನ್‌ಎಕ್ಸ್‌ನ ಆತ್_ರಿಕ್ವೆಸ್ಟ್ ಮಾಡ್ಯೂಲ್ ಬಳಸಿ, ಒಡಲಿಲ್ಲದ ಸಣ್ಣ ವಿಚಾರಣೆಯನ್ನು ಮೊದಲು ಮಾಡಿಸಿದರೆ ಬಾಗಿಲಲ್ಲೇ ತಡೆಯಬಹುದು.

ನಕಲುಗಳನ್ನು ಕಡಿಮೆ ಮಾಡುವುದು

ನಮಗೆ ಅತಿ ಹೆಚ್ಚು ಫಲ ಕೊಟ್ಟದ್ದು ಒಂದೇ ಸಾಲಿನ ಬದಲಾವಣೆ. ಆಲ್ಬಂ ಡಿಸ್ಕಿನಲ್ಲೇ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿ, ಪಿಎಚ್‌ಪಿಯ ಅಪ್‌ಲೋಡ್_ಟಿಎಂಪಿ_ಡಿರ್ ಅದನ್ನು ತೋರಿಸುವಂತೆ ಮಾಡಿದೆವು. ಮೂರನೆಯ ಬರಹ ಮಾಯವಾಗಿ ಬರೀ ಹೆಸರು ಬದಲಾವಣೆಯಾಯಿತು. ಟಿಎಂಪಿ-ಎಫ್‌ಎಸ್ ತುಂಬುವ ಕಾಟವೂ ಅದರೊಂದಿಗೇ ತೀರಿತು. ಶೇ. 100ರ ನಂತರದ ಕಾಯುವಿಕೆ ಅರ್ಧಕ್ಕಿಂತ ಕೆಳಗಿಳಿಯಿತು.

ಎರಡನೆಯ ಬರಹವನ್ನೂ ತಪ್ಪಿಸಬೇಕೆಂದರೆ ಫಾರ್ಮಿನ ಹೊದಿಕೆಯನ್ನು ಬಿಟ್ಟು ಫೈಲಿನ ಬೈಟುಗಳನ್ನಷ್ಟೇ ಬರಿಯ ಒಡಲಾಗಿ ಕಳುಹಿಸುವ ಜಾವಾಸ್ಕ್ರಿಪ್ಟ್ ಬೇಕು. ಆಗ ಎಂಜಿನ್‌ಎಕ್ಸ್‌ನಲ್ಲಿ ಕ್ಲೈಂಟ್_ಬಾಡಿ_ಇನ್_ಫೈಲ್_ಓನ್ಲಿ ಆನ್ ಮಾಡಿ, ಒಡಲನ್ನು ಹಿಂದಕ್ಕೆ ಕಳಿಸದಂತೆ ಹೇಳಿ, ತಾತ್ಕಾಲಿಕ ಫೈಲಿನ ದಾರಿಯನ್ನಷ್ಟೇ ಪಿಎಚ್‌ಪಿಗೆ ದಾಟಿಸಬಹುದು. ಪಿಎಚ್‌ಪಿ ಅದರ ಹೆಸರು ಬದಲಿಸಿ ಮುಗಿಸುತ್ತದೆ. ಮೂರು ಬರಹ ಒಂದಾಗುತ್ತದೆ. ಎರಡು ಪ್ರೋಗ್ರಾಮುಗಳೂ ಆ ಫೈಲನ್ನು ಮುಟ್ಟಲು ಅನುಮತಿ ಇರಬೇಕಾದ್ದರಿಂದ ಮೊದಲ ದಿನ ಪರ್ಮಿಷನ್ ತಕರಾರು ಖಂಡಿತ ಬರುತ್ತದೆ.

ಲಾಗಿನ್ ಪುಟ ಏಕೆ ನಿಧಾನವಾಗುತ್ತಿತ್ತೆಂಬ ಒಗಟು ಇಲ್ಲಿ ಬಿಡಿಸಿಕೊಂಡಿತು. ಲಿನಕ್ಸ್ ಬರಹಗಳನ್ನು ಮೊದಲು ಮೆಮೊರಿಯಲ್ಲಿ ಕೂಡಿಹಾಕಿ ನಿಧಾನವಾಗಿ ಡಿಸ್ಕಿಗೆ ಇಳಿಸುತ್ತದೆ. ಹೀಗೆ ಕೂಡಿದ್ದು ಲಭ್ಯ ಮೆಮೊರಿಯ ಶೇ. 10 ಮುಟ್ಟಿದಾಗ ಹಿನ್ನೆಲೆಯಲ್ಲಿ ಇಳಿಸತೊಡಗುತ್ತದೆ, ಶೇ. 20 ಮುಟ್ಟಿದಾಗ ಬರೆಯಲು ಬಂದವರನ್ನೆಲ್ಲ ತಡೆದು ನಿಲ್ಲಿಸುತ್ತದೆ. ಎಂಟು ಜಿಬಿಯ ಯಂತ್ರದಲ್ಲಿ ಆ ಶೇ. 20 ಎಂದರೆ ಒಂದೂವರೆ ಜಿಬಿಯ ಆಸುಪಾಸು. ಸೆಕೆಂಡಿಗೆ 125 ಎಂಬಿ ಬರೆಯುವ ಡಿಸ್ಕು ಅದನ್ನು ಇಳಿಸಲು ಹನ್ನೆರಡು ಹದಿಮೂರು ಸೆಕೆಂಡು ಬೇಕು. ಲಾಗಿನ್ ಮಾಡಿದವರ ಸೆಷನ್ನನ್ನು ಬರೆದಿಡಬೇಕಾದ ಡೇಟಾಬೇಸ್ ಅದೇ ಡಿಸ್ಕಿನಲ್ಲಿದ್ದರೆ ನಾಲ್ಕು ಕೆಬಿಯ ಅದರ ಬರಹ ಆಲ್ಬಮ್ಮುಗಳ ಲಾರಿಗಳ ಹಿಂದೆ ಸರತಿಯಲ್ಲಿ ನಿಲ್ಲುತ್ತದೆ. ಡೇಟಾಬೇಸನ್ನು ಬೇರೆ ಡಿಸ್ಕಿಗೆ ಸಾಗಿಸುವುದು ನಿಜವಾದ ಪರಿಹಾರ. ಅದಾಗುವವರೆಗೆ ಲಿನಕ್ಸ್ ಕರ್ನಲ್ಲಿನ ಸೆಟ್ಟಿಂಗುಗಳಾದ ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ ಅನ್ನು 64 ಎಂಬಿಗೂ ವಿಎಂ.ಡರ್ಟಿ_ಬೈಟ್ಸ್ ಅನ್ನು 256 ಎಂಬಿಗೂ ಇಳಿಸಿದರೆ ರಾಶಿ ದೊಡ್ಡದಾಗುವ ಮುನ್ನವೇ ಇಳಿಯುತ್ತ ಹೋಗುತ್ತದೆ, ತಡೆಗಳು ಚಿಕ್ಕವಾಗುತ್ತವೆ.

ಜಿಪ್ ಬಿಡಿಸುವುದು, ಥಂಬ್‌ನೇಲ್ ಮಾಡುವುದು, ವೈರಸ್ ಪರೀಕ್ಷೆ ಇವೆಲ್ಲವನ್ನೂ ಅಪ್‌ಲೋಡ್ ರಿಕ್ವೆಸ್ಟಿನಿಂದ ಹೊರಗೆ ತೆಗೆದು ಸರತಿಗೆ ಹಾಕಿ. ‘ಫೈಲು ತಲುಪಿದೆ, ಪರಿಶೀಲನೆ ನಡೆಯುತ್ತಿದೆ’ ಎಂದು ಬಳಕೆದಾರರಿಗೆ ತಕ್ಷಣ ಉತ್ತರಿಸಿ. ಸರತಿಯಿಂದ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಕೆಲಸ ತೆಗೆಯದಿರುವುದು ನಮಗೆ ಹೊಂದಿತು. ಕ್ಲ್ಯಾಮ್‌ಎವಿ ಬಳಸುವವರಿಗೆ ಒಂದು ಎಚ್ಚರಿಕೆ: ತನ್ನ ಗಾತ್ರಮಿತಿ ಮೀರಿದ ಫೈಲನ್ನು ಅದು ಪರೀಕ್ಷಿಸದೆಯೇ ಬಿಡುತ್ತದೆ, ಮಿತಿ ಮೀರಿದ್ದನ್ನು ವರದಿ ಮಾಡೆಂದು ನೀವು ಸೆಟ್ಟಿಂಗಿನಲ್ಲಿ ಕೇಳದಿದ್ದರೆ ಆ ವಿಷಯ ನಿಮಗೆ ತಿಳಿಯುವುದೂ ಇಲ್ಲ.

ತುಂಡು ಮಾಡಿ ಕಳುಹಿಸುವುದು

ಮೇಲಿನದೆಲ್ಲ ಮಾಡಿದರೂ ಒಂದು ಕಷ್ಟ ಉಳಿಯುತ್ತದೆ. ಒಂಬತ್ತನೆಯ ನಿಮಿಷದಲ್ಲಿ ಕರೆಂಟು ಹೋದರೆ ಸ್ಟುಡಿಯೊದವರು ಮೊದಲಿನಿಂದ ಶುರು ಮಾಡಬೇಕು. ಬ್ರೌಸರಿನ ಜಾವಾಸ್ಕ್ರಿಪ್ಟ್ ಫೈಲನ್ನು ಸ್ಲೈಸ್ ಮೂಲಕ ಹತ್ತು ಎಂಬಿಯ ತುಂಡುಗಳಾಗಿ ಕತ್ತರಿಸಬಲ್ಲದು. ಒಂದೂವರೆ ಜಿಬಿಗೆ 150 ತುಂಡು. ಪ್ರತಿಯೊಂದೂ ಪ್ರತ್ಯೇಕ ಸಣ್ಣ ರಿಕ್ವೆಸ್ಟ್, 20 ಎಂಬಿಪಿಎಸ್ ಲೈನಿನಲ್ಲಿ ನಾಲ್ಕು ಸೆಕೆಂಡಿನ ಕೆಲಸ. ಕಾಲಮಿತಿಗಳ ಕಾಟ, ಕ್ಲೌಡ್‌ಫ್ಲೇರ್‌ನ 100 ಎಂಬಿ, ಎಲ್ಲವೂ ಒಮ್ಮೆಲೇ ಅಪ್ರಸ್ತುತವಾಗುತ್ತವೆ. ಇದನ್ನು ಸ್ವಂತವಾಗಿ ಬರೆಯುವ ಹುಮ್ಮಸ್ಸು ಬೇಡ. ಟಸ್ ಎಂಬ ಮುಕ್ತ ಪ್ರೋಟೊಕಾಲ್ ಇದೆ, ಗೋ ಭಾಷೆಯಲ್ಲಿ ಬರೆದ ಅದರ ಟಸ್‌ಡಿ ಸರ್ವರ್ ಇದೆ, ಬ್ರೌಸರಿಗೆ ಅಪ್ಪಿ ಎಂಬ ಸಿದ್ಧ ಸಲಕರಣೆ ಇದೆ. ಸಂಪರ್ಕ ಮರಳಿದಾಗ ಅಪ್ಪಿ ‘ಎಷ್ಟು ಬೈಟು ತಲುಪಿದೆ’ ಎಂದು ಕೇಳಿ, ಅಲ್ಲಿಂದ ಮುಂದುವರಿಯುತ್ತದೆ. ಸ್ವಂತವಾಗಿ ಬರೆಯಲೇಬೇಕಾದರೆ ತುಂಡುಗಳನ್ನು 150 ಫೈಲುಗಳಾಗಿ ಇಟ್ಟು ಕೊನೆಗೆ ಅಂಟಿಸಬೇಡಿ. ಅಂಟಿಸುವುದೆಂದರೆ ಮತ್ತೊಂದು ಪೂರ್ತಿ ನಕಲು. ಒಂದೇ ಫೈಲು ತೆರೆದು ಪ್ರತಿ ತುಂಡನ್ನೂ ಅದರ ಸ್ಥಾನದಲ್ಲೇ ಬರೆಯಿರಿ.

ಇನ್ನೂ ಮುಂದೆ ಹೋದರೆ ನಿಮ್ಮ ಸರ್ವರನ್ನು ದಾರಿಯಿಂದಲೇ ತೆಗೆಯಬಹುದು. ಅಮೆಜಾನ್ ಎಸ್3ಯಂಥ ಆಬ್ಜೆಕ್ಟ್ ಸ್ಟೋರೇಜಿಗೆ (ಕ್ಲೌಡಿನ ಫೈಲು ಉಗ್ರಾಣಕ್ಕೆ) ಬ್ರೌಸರಿನಿಂದ ನೇರವಾಗಿ ಏರಿಸಲು ಅವಧಿಯುಳ್ಳ, ಸಹಿ ಮಾಡಿದ ವಿಳಾಸಗಳನ್ನು ಕೊಟ್ಟರೆ ಸಾಕು; ಸರ್ವರ್ ಮಾಡುವ ಕೆಲಸ ಸಹಿ ಹಾಕುವುದಷ್ಟೇ. ಒಂದೇ ರಿಕ್ವೆಸ್ಟಿನಲ್ಲಿ 5 ಜಿಬಿವರೆಗೆ ಕಳಿಸಬಹುದಾದರೂ ಮಲ್ಟಿಪಾರ್ಟ್ ಕ್ರಮವೇ ಸೂಕ್ತ: ಕೊನೆಯದೊಂದನ್ನು ಬಿಟ್ಟು ಪ್ರತಿ ಭಾಗ ಕನಿಷ್ಠ 5 ಎಂಬಿ, ಗರಿಷ್ಠ 10,000 ಭಾಗ. ಮುಂಬಯಿ ಮತ್ತು ಹೈದರಾಬಾದಿನಲ್ಲಿ ಅದರ ಕೇಂದ್ರಗಳಿರುವುದರಿಂದ ಕರ್ನಾಟಕದ ಬಳಕೆದಾರರಿಗೆ ದೂರದ ತೊಡಕಿಲ್ಲ. ಎಡವುವ ಜಾಗ ಎರಡು. ಸಿಒಆರ್‌ಎಸ್ (ಬೇರೆ ತಾಣದ ಉತ್ತರವನ್ನು ಬ್ರೌಸರಿನ ಕೋಡು ಓದಬಹುದೇ ಎಂಬ ಅನುಮತಿ) ಸೆಟ್ಟಿಂಗಿನಲ್ಲಿ, ಪ್ರತಿ ಭಾಗದ ಗುರುತಾದ ಇಟ್ಯಾಗ್ ಹೆಡರನ್ನು ಬ್ರೌಸರಿಗೆ ಕಾಣುವಂತೆ ಮಾಡದಿದ್ದರೆ ಕೊನೆಯಲ್ಲಿ ಭಾಗಗಳನ್ನು ಜೋಡಿಸಲಾಗದು. ಅರ್ಧಕ್ಕೆ ನಿಂತ ಅಪ್‌ಲೋಡಿನ ಭಾಗಗಳು ಕಣ್ಣಿಗೆ ಕಾಣದೆ ಉಳಿದು ತಿಂಗಳ ಬಿಲ್ಲಿನಲ್ಲಿ ಸೇರುತ್ತ ಹೋಗುತ್ತವೆ. ಅಪೂರ್ಣ ಮಲ್ಟಿಪಾರ್ಟುಗಳನ್ನು ಇಂತಿಷ್ಟು ದಿನಕ್ಕೆ ಅಳಿಸುವ ಲೈಫ್‌ಸೈಕಲ್ ನಿಯಮವನ್ನು ಮೊದಲ ದಿನವೇ ಹಾಕಿ.

ವೇಗಕ್ಕಾಗಿ ಸರ್ವರಿನಲ್ಲಿ ಬಿಬಿಆರ್ (ನೆಟ್‌ವರ್ಕಿಗೆ ಎಷ್ಟು ವೇಗದಲ್ಲಿ ಬೈಟು ಬಿಡಬೇಕೆಂದು ನಿರ್ಧರಿಸುವ ವಿಧಾನ) ಹಚ್ಚುವವರೂ ಇದ್ದಾರೆ. ಅದು ಕಳುಹಿಸುವವರ ಕಡೆಯ ತಂತ್ರ; ಅಪ್‌ಲೋಡಿನಲ್ಲಿ ಕಳುಹಿಸುವವರು ಸ್ಟುಡಿಯೊದವರು, ನೀವಲ್ಲ. ಡೌನ್‌ಲೋಡಿಗೆ ಅದರಿಂದ ಉಪಯೋಗವಾದೀತು. ಎಂಜಿನ್‌ಎಕ್ಸ್‌ನ ಲಿಮಿಟ್_ರೇಟ್ ಕೂಡ ಹಾಗೆಯೇ, ಹೊರಗೆ ಹೋಗುವ ಉತ್ತರದ ವೇಗವನ್ನು ಮಾತ್ರ ಹಿಡಿಯುತ್ತದೆ. ಅಪ್‌ಲೋಡುಗಳ ನೂಕುನುಗ್ಗಲು ತಡೆಯಲು ಲಿಮಿಟ್_ಕಾನ್ ಬಳಸಿ ಒಬ್ಬೊಬ್ಬರಿಗೆ ಇಷ್ಟೇ ಸಂಪರ್ಕವೆಂದು ಕಟ್ಟುಪಾಡು ಮಾಡಿ.

ಪರೀಕ್ಷೆ

ಕಚೇರಿಯ ಒಳಗಿನ ನೆಟ್‌ವರ್ಕಿನಿಂದ ಒಂದು ಫೈಲು ಏರಿಸಿ ‘ಸರಿಯಾಗಿದೆ’ ಎನ್ನುವ ಪರೀಕ್ಷೆಗೆ ಬೆಲೆಯಿಲ್ಲ, ಏಕೆಂದರೆ ತೊಂದರೆ ಇರುವುದು ನಿಧಾನದಲ್ಲಿ ಮತ್ತು ಸಂಖ್ಯೆಯಲ್ಲಿ. ಯುರ‍್ಯಾಂಡಮ್‌ನಿಂದ ಒಂದೂವರೆ ಜಿಬಿಯ ಫೈಲು ತಯಾರಿಸಿ; ಅದು ಅಡ್ಡಾದಿಡ್ಡಿ ಬೈಟುಗಳನ್ನು ಕೊಡುವ ಲಿನಕ್ಸ್ ಸಾಧನ. ಸೊನ್ನೆಗಳಿಂದ ತುಂಬಿದ ಫೈಲನ್ನು ನಡುವೆ ಯಾರಾದರೂ ಹಿಂಡಿ ಚಿಕ್ಕದು ಮಾಡಿದರೆ ಅಂಕಿ ಸುಳ್ಳಾಗುತ್ತದೆ. ಆಮೇಲೆ ಬೇರೊಂದು ಯಂತ್ರದಿಂದ ಫೈಲು ಕಳುಹಿಸುವ ಕರ್ಲ್ ಆಜ್ಞೆಯನ್ನು ಲಿಮಿಟ್-ರೇಟ್ ಆಯ್ಕೆಯೊಂದಿಗೆ, ಸೆಕೆಂಡಿಗೆ 2500 ಕೆಬಿಯಂತೆ, ಏಕಕಾಲಕ್ಕೆ ನಲವತ್ತು ಓಡಿಸಿ. ಅವು ಓಡುತ್ತಿರುವಾಗಲೇ ಬ್ರೌಸರಿನಲ್ಲಿ ಲಾಗಿನ್ ಪುಟ ತೆರೆದು ಗಡಿಯಾರ ನೋಡಿ. ಅದು ಎರಡು ಸೆಕೆಂಡು ದಾಟಿದರೆ ಐಒಸ್ಟ್ಯಾಟ್ ಇರುವ ಟರ್ಮಿನಲ್ಲಿಗೆ ಮರಳಿ.

ನಲವತ್ತರಲ್ಲಿ ಹತ್ತನ್ನು ನಡುವೆಯೇ ಕೊಂದು ನೋಡುವುದನ್ನು ಮಾತ್ರ ಮರೆಯಬೇಡಿ. ಐದು ನಿಮಿಷ ಬಿಟ್ಟು ಎಂಜಿನ್‌ಎಕ್ಸ್‌ನ ತಾತ್ಕಾಲಿಕ ಫೋಲ್ಡರ್, ಪಿಎಚ್‌ಪಿಯದು, ತುಂಡುಗಳನ್ನು ಇಡುವ ಫೋಲ್ಡರ್ ಮೂರನ್ನೂ ತೆರೆಯಿರಿ. ಮೊದಲೆರಡರಲ್ಲಿ ಆ ಹತ್ತರ ಗುರುತೂ ಇರಬಾರದು. ಮೂರನೆಯದರಲ್ಲಿ ಇರಬಹುದು, ಆದರೆ ಎರಡು ದಿನ ಯಾರೂ ಮುಟ್ಟದ ತುಂಡುಗಳನ್ನು ಅಳಿಸುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಸಾಲು ನೀವು ಬರೆದಿಟ್ಟಿದ್ದರೆ ಮಾತ್ರ.